ಕಡಿಮೆ ವೋಲ್ಟೇಜಿನ ಮಾತು

ಎರಡು ವರ್ಷ ಬಾಯಿಲ್ಲದೆ ಮಲಗಿದ್ದ ಕಾಳಪ್ಪ ಬಡಿಗೇರರಿಗೆ ಮಾತು ಬಂದ ಮೇಲೆ ಅವರು ಹೇಳಿದ ಮೊದಲ ದೂರು ಫ್ಯಾನಿನದು. ತಲೆದಿಂಬಿನ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ ಪೆಟ್ಟಿಗೆಯೊಳಗಿನ ಫ್ಯಾನು ಅದು. ದಿನವಿಡೀ ಹಿಟ್ಟಿನ ಗಿರಣಿಯ ಹಾಗೆ ಗುಯ್ಯೆನ್ನುತ್ತಿತ್ತು.

ಆ ಪೆಟ್ಟಿಗೆಯೇ ಅವರ ಬಾಯಿ. ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಬೋಗಿಗಳ ಮರಗೆಲಸ ಮಾಡಿ ನಿವೃತ್ತರಾದ ಆರು ತಿಂಗಳಿಗೆ ಅವರಿಗೆ ಲಕ್ವ ಹೊಡೆದಿತ್ತು. ಕೈ, ಕಾಲು, ನಾಲಿಗೆ ಎಲ್ಲ ಹೋದವು. ಕಣ್ಣುರೆಪ್ಪೆ ಕೂಡ ಅವರ ಅಂಕೆಯಲ್ಲಿರಲಿಲ್ಲ, ತನ್ನಷ್ಟಕ್ಕೆ ತಾನು ಮಿಟುಕುತ್ತಿತ್ತು. ಬುದ್ಧಿ ಮಾತ್ರ ಕೂದಲೆಳೆಯಷ್ಟೂ ಅಲುಗಿರಲಿಲ್ಲ. ಇಂಥವರಿಗಾಗಿಯೇ ಊರಾಚೆಯ ಸ್ವರಸೇತು ಪ್ರಯೋಗಾಲಯ ಒಂದು ಯಂತ್ರ ಮಾಡಿತ್ತು. ಮಿದುಳಿನಲ್ಲಿ ನಾಲಿಗೆ ತುಟಿಗಳನ್ನು ಆಡಿಸುವ ಜಾಗದ ಮೇಲೆ ಅಂಚೆಚೀಟಿಯಷ್ಟು ಅಗಲದ ಒಂದು ಹಾಳೆ ಕೂರಿಸುತ್ತಿದ್ದರು. ಮನುಷ್ಯ ಮಾತಾಡಲು ಮನಸ್ಸು ಮಾಡಿದಾಗ ಅಲ್ಲಿ ಏಳುವ ಸಣ್ಣ ಸಣ್ಣ ಮಿಡಿತಗಳನ್ನು ಆ ಹಾಳೆ ಹಿಡಿದು ಪೆಟ್ಟಿಗೆಗೆ ಕಳಿಸುತ್ತಿತ್ತು. ಪೆಟ್ಟಿಗೆಯೊಳಗಿನ ಕಂಪ್ಯೂಟರ್ ಆ ಮಿಡಿತಗಳಿಂದ ಶಬ್ದ ಊಹಿಸಿ, ವಾಕ್ಯ ಹೊಂದಿಸಿ, ಅವರದೇ ಹಳೆಯ ದನಿಯಲ್ಲಿ ನುಡಿಯುತ್ತಿತ್ತು. ದನಿಯನ್ನು ಯಾರದೋ ಮದುವೆಯ ವಿಡಿಯೋದಿಂದ ತೆಗೆದಿದ್ದರು.

ಹನ್ನೆರಡು ಮನೆಗಳಲ್ಲಿ ಇಂಥ ಪೆಟ್ಟಿಗೆಗಳಿದ್ದವು. ಅವನ್ನು ನೋಡಿಕೊಳ್ಳುವ ಕೆಲಸ ಸುಲೋಚನಾ ಹಾದಿಮನಿಯದು. ನಲವತ್ತರ ಆಸುಪಾಸಿನ ಹೆಂಗಸು, ಕೈ ಚುರುಕು, ಮಾತು ಕಡಿಮೆ. ಹೋದ ಮನೆಯಲ್ಲೆಲ್ಲ ಅವಳು ಹಿರಿಯರನ್ನು ಕಾಕಾ, ಕಾಕು ಎಂದೇ ಕರೆಯುತ್ತಿದ್ದಳು.

ಡಿಸೆಂಬರಿನ ಒಂದು ಮುಂಜಾನೆ ಅವಳು ಹೋದಾಗ ಕಾಳಪ್ಪನವರು ಸದ್ದಿನಿಂದ ತಲೆ ಚಿಟ್ಟು ಹಿಡಿದಿದೆ ಎಂದರು. ನಾಷ್ಟಾ ತಂದ ಅವರ ಹೆಂಡತಿ ಈರವ್ವನೂ ಅದನ್ನೇ ಹೇಳಿದಳು, ಅವರ ದನಿಗಿಂತ ಪೆಟ್ಟಿಗೆಯ ದನಿಯೇ ಜೋರಾಗಿದೆ ಎಂದು. ಸುಲೋಚನಾ ಮುಚ್ಚಳ ತೆಗೆದು ನೋಡಿದಳು. ಫ್ಯಾನಿನ ತಪ್ಪೇನೂ ಇರಲಿಲ್ಲ. ಪ್ರೊಸೆಸರ್ ಕಾದು ಕೆಂಡವಾಗುತ್ತಿತ್ತು, ಅದನ್ನು ತಣಿಸಲು ಫ್ಯಾನು ಒದ್ದಾಡುತ್ತಿತ್ತು.

ಇದಕ್ಕೊಂದು ಉಪಾಯ ಅವಳಿಗೆ ಗೊತ್ತಿತ್ತು. ಕಂಪ್ಯೂಟರ್ ಎಚ್ಚರಗೊಳ್ಳುವ ಮೊದಲ ಕ್ಷಣದಲ್ಲಿ ಒಂದು ಕೀ ಒತ್ತಿದರೆ ಬಯೋಸ್ ಎಂಬ ಹೊಂದಿಕೆಯ ಪರದೆ ತೆರೆಯುತ್ತದೆ. ಪ್ರೊಸೆಸರಿಗೆ ಎಷ್ಟು ವೋಲ್ಟೇಜು ಕೊಡಬೇಕೆಂಬುದು ಅಲ್ಲಿರುತ್ತದೆ. ಮದರ್‌ಬೋರ್ಡು ಮಾಡಿದವರು ಎಲ್ಲಕ್ಕೂ ಇರಲಿ ಎಂದು ಅದನ್ನು ಸ್ವಲ್ಪ ಹೆಚ್ಚೇ ಇಟ್ಟಿರುತ್ತಾರೆ. ಇಳಿಸಿದರೆ ಶಾಖ ಇಳಿಯುತ್ತದೆ, ಸದ್ದೂ ಇಳಿಯುತ್ತದೆ. ತೀರ ಇಳಿಸಿದರೆ ಕಂಪ್ಯೂಟರ್ ನಿಂತುಹೋಗುತ್ತದೆ. ನಿಲ್ಲುವುದಕ್ಕೂ ಚೆನ್ನಾಗಿ ನಡೆಯುವುದಕ್ಕೂ ನಡುವೆ ಒಂದು ಸಣ್ಣ ಪಟ್ಟಿಯಿದೆ. ಅಲ್ಲಿ ಯಂತ್ರ ನಿಲ್ಲುವುದಿಲ್ಲ, ಆದರೆ ಎಲ್ಲೋ ಒಮ್ಮೆ ಲೆಕ್ಕ ತಪ್ಪುತ್ತದೆ, ತಪ್ಪಿದೆನೆಂದು ಹೇಳುವುದೂ ಇಲ್ಲ. ಅದಕ್ಕಾಗಿಯೇ ಪ್ರಯೋಗಾಲಯದಲ್ಲಿ ನಿಯಮವಿತ್ತು. ವೋಲ್ಟೇಜು ಮುಟ್ಟಿದರೆ ಇಪ್ಪತ್ತನಾಲ್ಕು ತಾಸು ಪರೀಕ್ಷೆ ನಡೆಸಬೇಕು, ಬದಲಾವಣೆಯ ದಾಖಲೆ ಬರೆಯಬೇಕು, ಮುಖ್ಯಸ್ಥರಿಗೆ ತಿಳಿಸಬೇಕು.

ಇಪ್ಪತ್ತನಾಲ್ಕು ತಾಸು ಎಂದರೆ ಕಾಳಪ್ಪನವರು ಅಷ್ಟು ಹೊತ್ತು ಮತ್ತೆ ಮೂಕರಾಗಿರಬೇಕು. ಸುಲೋಚನಾಗೆ ಅದು ಬೇಡವೆನಿಸಿತು. ವೋಲ್ಟೇಜು 1.30 ಇದ್ದದ್ದನ್ನು ಹಂತ ಹಂತವಾಗಿ 1.14ಕ್ಕೆ ತಂದಳು. ನಲವತ್ತು ನಿಮಿಷ ಪರೀಕ್ಷೆ ಓಡಿಸಿದಳು. ಒಂದೂ ತಪ್ಪು ಬರಲಿಲ್ಲ. ಫ್ಯಾನು ಇದೆಯೋ ಇಲ್ಲವೋ ಎನ್ನುವಷ್ಟು ಮೆತ್ತಗಾಯಿತು. ಕಾಳಪ್ಪನವರು, ‘ಪುಣ್ಯಾ ಬರ್ಲಿ ತಂಗಿ’ ಎಂದರು. ಆ ಮಾತಿನ ಸಂತೋಷದಲ್ಲಿ ಅವಳು ಈರವ್ವ ಕೊಟ್ಟ ಉಪ್ಪಿಟ್ಟು ತಿಂದು, ಉಳಿದ ಮನೆಗಳಿಗೆ ಹೋದಳು. ದಾಖಲೆ ಆಮೇಲೆ ಬರೆದರಾಯಿತು ಅಂದುಕೊಂಡಳು. ಬರೆಯಲಿಲ್ಲ.

ಚಳಿಗಾಲವೆಲ್ಲ ಯಾವ ದೂರೂ ಬರಲಿಲ್ಲ. ಆ ಪೆಟ್ಟಿಗೆ ಸರಿಯಾಗಿದೆ ಎಂದುಕೊಂಡು ಅವಳು ಮಾರ್ಚಿನಿಂದಾಚೆ ದೂರದಿಂದಲೇ ಅದರ ಆರೋಗ್ಯ ನೋಡಿದಳು. ಪರದೆಯ ಮೇಲೆ ಎಲ್ಲವೂ ಹಸಿರಾಗಿತ್ತು.

ಮೇ ತಿಂಗಳ ನಡುವೆ ಈರವ್ವನ ಫೋನು ಬಂತು. ಯಜಮಾನರು ತಿಂಗಳಿಗೂ ಮೇಲೆ ಮಾತೇ ಆಡಿಲ್ಲ, ಯಂತ್ರ ಕೆಟ್ಟಿದೆಯೋ ಮನುಷ್ಯ ಕೆಟ್ಟಿದ್ದಾನೋ ಬಂದು ನೋಡಿ ಎಂದಳು. ಹಾಗೆ ಹೇಳುವಾಗ ಅವಳ ದನಿಯಲ್ಲಿ ಮೊದಲಿನ ಅಕ್ಕರೆ ಇರಲಿಲ್ಲ.

ಸುಲೋಚನಾ ಮಧ್ಯಾಹ್ನ ಹೋದಳು. ತಗಡಿನ ಮಾಡಿನ ಕೋಣೆ ಒಲೆಯ ಹಾಗೆ ಕಾದಿತ್ತು. ಕಾಳಪ್ಪನವರು ಸೂರು ನೋಡುತ್ತ ಮಲಗಿದ್ದರು. ಅವಳು ಮಾತಾಡಿಸಿದರೆ ಪೆಟ್ಟಿಗೆ ಸುಮ್ಮನಿತ್ತು. ಮಿಡಿತಗಳ ಪರದೆ ತೆರೆದು ನೋಡಿದಳು. ಹಾಳೆ ಚೆನ್ನಾಗಿತ್ತು, ತಂತಿ ಚೆನ್ನಾಗಿತ್ತು. ಅವರು ಮಾತಾಡಲು ಪ್ರಯತ್ನವನ್ನೇ ಮಾಡುತ್ತಿರಲಿಲ್ಲ.

ಏನಾಯಿತೆಂದು ಕೇಳಿದಾಗ ಈರವ್ವ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು, ಗಂಡನಿಗೂ ಕೇಳಲಿ ಎಂಬಂತೆ ಗಟ್ಟಿಯಾಗಿಯೇ ಹೇಳಿದಳು. ಲಕ್ಷ್ಮೇಶ್ವರದಲ್ಲಿ ಅವರ ಅಕ್ಕ ದ್ಯಾಮಕ್ಕ ಇದ್ದಳು. ಹೆತ್ತ ತಾಯಿ ಸತ್ತಾಗ ಕಾಳಪ್ಪನವರಿಗೆ ನಾಲ್ಕು ವರ್ಷ, ದ್ಯಾಮಕ್ಕನಿಗೆ ಹದಿನಾಲ್ಕು. ತಮ್ಮನನ್ನು ಸೊಂಟದ ಮೇಲಿಟ್ಟುಕೊಂಡೇ ಬೆಳೆಸಿದವಳು. ಅವಳಿಗೆ ಎದೆನೋವು ಶುರುವಾಗಿ ಡಾಕ್ಟರು ಹೆಚ್ಚು ದಿನ ಹೇಳಿರಲಿಲ್ಲ. ಏಪ್ರಿಲ್ ಮೊದಲ ವಾರ ಒಂದು ಮಧ್ಯಾಹ್ನ ಫೋನು ಮಾಡಿ, ರವಿವಾರ ಮಗ ಗಂಗಾಧರನ ಗಾಡಿಯಲ್ಲಿ ಬರುತ್ತೇನೆ, ತಮ್ಮನ ಹತ್ತಿರ ನಾಲ್ಕು ದಿನ ಇರುತ್ತೇನೆ ಎಂದಳು. ಈರವ್ವ ಫೋನನ್ನು ಪೆಟ್ಟಿಗೆಯ ಹತ್ತಿರ ಹಿಡಿದಳು.

‘ಬರಬ್ಯಾಡ ಅಕ್ಕಾ ಅಂದ್ರು’ ಎಂದಳು ಈರವ್ವ. ‘ಆಕಿ ನಕ್ಕೋತ ಕೇಳಿದ್ಲು, ಯಾಕೋ ತಮ್ಮಾ, ನಾ ಬ್ಯಾಡಾದ್ನೇನು ನಿನಗ ಅಂತ. ಅದಕ್ಕ ಇವರು, ನೀ ಬ್ಯಾಡ ನನಗ ಅಂದ್ರು ನೋಡ್ರಿ. ನಾ ಗಾಬರಿಯಾಗಿ, ಹಂಗ್ಯಾಕ ಅಂತೀರಿ ಅಂದೆ. ನಾ ಹಂಗ ಅಂದೀನಿ ಅಂತ ಮತ್ತ ಅದನ್ನ ಹೇಳಿದ್ರು. ಆಕಿ ಫೋನ್ ಇಟ್ಲು. ಹನ್ನೊಂದು ದಿನಕ್ಕ ಹೋಗಿಬಿಟ್ಲು.’

ದ್ಯಾಮಕ್ಕನ ಮಣ್ಣಿಗೆ ಈರವ್ವ ಒಬ್ಬಳೇ ಹೋಗಿ ಬಂದಿದ್ದಳು. ಗಂಗಾಧರ ಅವಳ ಮುಖ ನೋಡಿರಲಿಲ್ಲ. ತಿರುಗಿ ಬಂದು ಗಂಡನನ್ನು ಕೇಳಿದಳಂತೆ, ಅದು ನಿಮ್ಮ ಮಾತೇ ಏನು, ಮನಸ್ಸಿನಿಂದ ಆಡಿದಿರೇನು ಎಂದು. ‘ಅದು ನನ್ನ ಮಾತು’ ಎಂದಿತು ಪೆಟ್ಟಿಗೆ. ಅದೇ ಕೊನೆ. ಅವರೂ ಮಾತು ಬಿಟ್ಟರು, ಇವಳೂ ಬಿಟ್ಟಳು. ಗಂಜಿ ಹಾಕುತ್ತೇನೆ, ಮೈ ಒರೆಸುತ್ತೇನೆ, ಅದು ನನ್ನ ಕರ್ಮ, ಮಾತು ಮಾತ್ರ ಆಡಿಸುವುದಿಲ್ಲ ಎಂದು ಈರವ್ವ ಒಳಗೆ ಹೋದಳು.

ಸುಲೋಚನಾ ಕಾದ ತಗಡಿನ ಮಾಡು ನೋಡಿದಳು, ಪೆಟ್ಟಿಗೆ ನೋಡಿದಳು. ತಾನು ಪರೀಕ್ಷೆ ಮಾಡಿದ್ದು ಡಿಸೆಂಬರಿನ ತಂಪು ಮುಂಜಾನೆ. ಬೇಕು ಎಂಬುದು ಬ್ಯಾಡ ಆಗುವುದಕ್ಕೆ ಎಷ್ಟು ಲೆಕ್ಕ ತಪ್ಪಬೇಕು? ಯೋಚನೆ ಅಲ್ಲಿಗೆ ಬಂದು ನಿಂತಿತು, ಅವಳು ಮುಂದೆ ಹೋಗಗೊಡಲಿಲ್ಲ. ಪೆಟ್ಟಿಗೆ ಆರಿಸಿ ಹಚ್ಚಿ, ಬಯೋಸಿಗೆ ಹೋಗಿ, ವೋಲ್ಟೇಜನ್ನು ಮೊದಲಿದ್ದ 1.30ಕ್ಕೆ ಏರಿಸಿದಳು. ಮುಂಚೆ ಏನಿತ್ತು, ಯಾರು ಬದಲಿಸಿದರು ಎಂಬುದನ್ನು ಬಯೋಸ್ ನೆನಪಿಟ್ಟುಕೊಳ್ಳುವುದಿಲ್ಲ. ಆ ಹೊತ್ತಿನಲ್ಲಿ ಅವಳಿಗೆ ಅದು ನೆನಪಾಯಿತು, ಸಮಾಧಾನವೂ ಆಯಿತು. ಆ ಸಮಾಧಾನವನ್ನು ನೆನೆದರೆ ಆಮೇಲೆ ಎಷ್ಟೋ ದಿನ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಗುತ್ತಿತ್ತು.

ಯಂತ್ರದಲ್ಲಿ ಸಣ್ಣ ತೊಂದರೆ ಇತ್ತು, ಈಗ ಸರಿಹೋಯಿತು, ಸದ್ದು ಸ್ವಲ್ಪ ಹೆಚ್ಚಬಹುದು ಎಂದು ಈರವ್ವನಿಗೆ ಹೇಳಿ ಹೊರಟಳು. ಕಾಳಪ್ಪನವರು ಮಾತಾಡಲಿಲ್ಲ. ಯಂತ್ರ ಸರಿಯಾಯಿತೆಂದು ಅವರು ನಂಬುವುದಾದರೂ ಹೇಗೆ?

ಮರುದಿನ ಪ್ರಯೋಗಾಲಯದಲ್ಲಿ ಅವಳು ಬಾಗಿಲು ಎಳೆದು ಮುಂದೆ ಮಾಡಿಕೊಂಡು ಕೂತಳು. ಪ್ರತಿ ಮನೆಯ ಮಿಡಿತಗಳ ಮೂಲ ದಾಖಲೆ ಅಲ್ಲಿಗೆ ಬಂದು ಸೇರುತ್ತಿತ್ತು, ಪೆಟ್ಟಿಗೆ ಏನು ನುಡಿಯಿತು ಎಂಬುದೂ ಜೊತೆಗಿರುತ್ತಿತ್ತು. ಡಿಸೆಂಬರಿನಿಂದ ಏಪ್ರಿಲ್‌ವರೆಗಿನ ಮಿಡಿತಗಳನ್ನು ಪ್ರಯೋಗಾಲಯದ ಯಂತ್ರಕ್ಕೆ ಸರಿಯಾದ ವೋಲ್ಟೇಜಿನಲ್ಲಿ ಮತ್ತೆ ಉಣ್ಣಿಸಿ, ಎರಡನ್ನೂ ಹೋಲಿಸಿದಳು. ಫೆಬ್ರವರಿ ಕೊನೆಯವರೆಗೆ ಒಂದಕ್ಕೊಂದು ಅಚ್ಚೊತ್ತಿದಂತೆ ಕೂಡುತ್ತಿದ್ದವು. ಬಿಸಿಲು ಏರಿದ ಮೇಲೆ ಅಲ್ಲೊಂದು ಇಲ್ಲೊಂದು ವಾಕ್ಯ ಬೇರೆಯಾಗತೊಡಗಿತ್ತು, ಎಲ್ಲ ಮಧ್ಯಾಹ್ನದವು. ಒಟ್ಟು ಮೂವತ್ತೇಳು.

ಬೇರೆಯಾದದ್ದು ಒಂದೇ ಬಗೆಯಲ್ಲಿ. ಕನ್ನಡದಲ್ಲಿ ಹೌದೋ ಅಲ್ಲವೋ ಎಂಬುದು ಹೆಚ್ಚಾಗಿ ಮಾತಿನ ಬಾಲದಲ್ಲಿ ತೀರ್ಮಾನವಾಗುತ್ತದೆ. ವಾಕ್ಯ ಮುಗಿಯುವ ಹೊತ್ತಿಗೆ ಪೆಟ್ಟಿಗೆ ಅಷ್ಟೂ ಮಿಡಿತಗಳನ್ನು ಒಟ್ಟುಗೂಡಿಸಿ, ಒಂದೇ ಏಟಿಗೆ ದೊಡ್ಡದೊಂದು ಗುಣಾಕಾರ ಮಾಡುತ್ತಿತ್ತು. ಆ ಕ್ಷಣ ಪ್ರೊಸೆಸರ್ ವಿದ್ಯುತ್ತನ್ನು ಗಬಕ್ಕನೆ ಎಳೆಯುತ್ತದೆ, ವೋಲ್ಟೇಜು ಒಂದಿಷ್ಟು ಕುಸಿಯುತ್ತದೆ. 1.30 ಇದ್ದಾಗ ಕುಸಿದರೂ ನಡೆಯುತ್ತದೆ. 1.14 ಇದ್ದಾಗ, ಮೇಲೆ ಸೆಕೆ ಇದ್ದಾಗ, ಒಂದು ಅಂಕಿ ಜಾರುತ್ತದೆ. ಬಾಲ ತಿರುಗುತ್ತದೆ. ಅದರ ಮೇಲೆ ವಾಕ್ಯವನ್ನು ಒಪ್ಪ ಮಾಡುವ ಭಾಗ ಜಾರಿದ್ದನ್ನೂ ಒಪ್ಪ ಮಾಡಿ, ಕಾಳಪ್ಪನವರ ದನಿಯಲ್ಲಿ, ಕಾಳಪ್ಪನವರ ಧಾಟಿಯಲ್ಲಿ ಕೊಡುತ್ತದೆ.

ಏಪ್ರಿಲ್ ಮೊದಲ ವಾರದ ಆ ಮಧ್ಯಾಹ್ನವನ್ನು ಅವಳು ಕೊನೆಗಿಟ್ಟುಕೊಂಡಿದ್ದಳು. ಕೇಳಿದಳು.

‘ಬಾ ಅಕ್ಕಾ.’

‘ನೀ ಬೇಕು ನನಗ.’

‘ನಾ ಹಂಗ ಅನ್ನಲಿಲ್ಲ.’

ಮೂರೂ ಮಾತು ಪ್ರಯೋಗಾಲಯದ ಸ್ಪೀಕರಿನಲ್ಲಿ ಸ್ಪಷ್ಟವಾಗಿ ಬಂದವು. ಮೂರನೆಯದರ ಹಿಂದೆಯೇ ಇನ್ನೊಂದು, ಅರ್ಧಕ್ಕೆ ನಿಂತದ್ದು. ಪೆಟ್ಟಿಗೆ ಅದನ್ನು ನುಡಿದೇ ಇರಲಿಲ್ಲ. ‘ಅಕ್ಕಾ, ಫೋನ್ ಇಡ...’

ಸುಲೋಚನಾ ಸ್ಪೀಕರು ಆರಿಸಿ, ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಕೂತಳು. ಅತ್ತಿದ್ದರೆ ಹಗುರವಾಗುತ್ತಿತ್ತೋ ಏನೋ, ಅಳು ಬರಲಿಲ್ಲ. ಒಬ್ಬ ಮನುಷ್ಯ ತನ್ನ ಬಾಯಿಯಿಂದಲೇ ಬರುವ ಸುಳ್ಳನ್ನು ಕೇಳುತ್ತ, ಅದನ್ನು ಸುಳ್ಳೆನ್ನಲು ಅದೇ ಬಾಯಿ ತೆರೆದು, ಅದು ಮತ್ತೆ ಸುಳ್ಳಾಗುವುದನ್ನು ಕೇಳುತ್ತ ಮಲಗಿದ್ದ. ಯಾವ ಮಾತು ಯಾವಾಗ ತಿರುಗೀತೆಂದು ಗೊತ್ತಾಗದೆ ಕಡೆಗೆ ಬಾಯಿ ಮುಚ್ಚಿದ. ಅವನಿಗೆ ಉಳಿದಿದ್ದ ಮರ್ಯಾದೆ ಅದೊಂದೇ.

ಆವತ್ತೇ ಹೇಳಬೇಕಿತ್ತು. ಹೇಳಲಿಲ್ಲ. ನಾಳೆ ಎಂದುಕೊಂಡಳು. ನಾಳೆ ಬಂದಾಗ, ಹೇಳಿದರೆ ದ್ಯಾಮಕ್ಕ ತಿರುಗಿ ಬರುವಳೇ ಎಂದುಕೊಂಡಳು. ಈರವ್ವನ ದುಃಖ ಹೆಚ್ಚೇ ಆದೀತು ಎಂದುಕೊಂಡಳು. ಒಂದೊಂದು ದಿನಕ್ಕೂ ಒಂದೊಂದು ನೆಪ ಸಿಗುತ್ತಿತ್ತು. ಮನೆಯಲ್ಲಿ ಅವಳ ಗಂಡ ಫಕೀರೇಶ, ಹೈಸ್ಕೂಲು ಮಾಸ್ತರ, ಊಟಕ್ಕೆ ಕೂತಾಗ ರೊಟ್ಟಿ ಮುರಿದು ಹಾಗೇ ಬಿಡುತ್ತಿದ್ದವಳನ್ನು ಎರಡು ದಿನ ನೋಡಿದ, ಮೂರನೆಯ ದಿನ ಕೇಳಿದ. ಕೆಲಸದ ಒತ್ತಡ ಎಂದಳು. ಹಾಗೆಂದ ದನಿ ತನ್ನದೇ, ಮಾತು ತನ್ನದಲ್ಲ ಎಂದು ಅವಳಿಗೆ ಹೊಳೆಯಿತು. ತನ್ನ ಸುಳ್ಳಿಗೆ ವೋಲ್ಟೇಜು ಕಾರಣವಲ್ಲ.

ಎಂಟನೆಯ ದಿನ ಪ್ರಯೋಗಾಲಯದಲ್ಲಿ ಸಭೆ. ಮುಖ್ಯಸ್ಥೆ ಡಾಕ್ಟರ್ ಮೈತ್ರೇಯಿ ಜಾಲಿಹಾಳ ಹನ್ನೆರಡು ಮನೆಗಳ ವರದಿ ಒಂದೊಂದಾಗಿ ತೆಗೆದರು. ಕಾಳಪ್ಪನವರದು ಬಂದಾಗ ನರತಜ್ಞರು, ಏಪ್ರಿಲಿನಲ್ಲಿ ಈ ರೋಗಿಯ ಮಾತು ಹಿಂದುಮುಂದಾಗಿದೆ, ಒಂದೇ ಪ್ರಶ್ನೆಗೆ ಮುಂಜಾನೆ ಒಂದು ಹೇಳಿ ಮಧ್ಯಾಹ್ನ ಅದಕ್ಕೆ ತದ್ವಿರುದ್ಧ ಹೇಳಿದ್ದಾರೆ, ಆಮೇಲೆ ಮಾತೇ ನಿಂತಿದೆ, ಮಿದುಳು ಸವೆಯುತ್ತಿರುವ ಲಕ್ಷಣವಿದು ಎಂದರು. ಮುಂದಿನ ವಾರ ಹಾಳೆ ತೆಗೆದುಬಿಡೋಣ, ಪೆಟ್ಟಿಗೆಗಾಗಿ ಕಾಯುತ್ತಿರುವವರು ಇದ್ದಾರೆ ಎಂದರು. ಯಾರಿಗಾದರೂ ಬೇರೆ ಅಭಿಪ್ರಾಯವಿದೆಯೇ ಎಂದು ಜಾಲಿಹಾಳ ಸುತ್ತ ನೋಡಿದರು. ಸುಲೋಚನಾ ಮುಂದಿದ್ದ ಕಾಗದದ ಮೂಲೆಯನ್ನು ಮಡಿಚಿದಳು, ಬಿಡಿಸಿದಳು. ತೀರ್ಮಾನ ಬರೆದುಕೊಂಡರು.

ಆ ದಿನ ಅವಳು ಮನೆಗೆ ಹೋಗಿ, ಏನೂ ತಿನ್ನದೆ ಮಲಗಿದಳು. ಬೆಳಿಗ್ಗೆ ಎದ್ದಾಗ ಅವಳಿಗೆ ಒಂದು ಮಾತು ಖಾತ್ರಿಯಾಗಿತ್ತು. ಡಿಸೆಂಬರಿನಲ್ಲಿ ಮಾಡಿದ್ದು ತಪ್ಪು, ಈಗ ಮಾಡುತ್ತಿರುವುದು ಬೇರೆ ಏನೋ. ಆ ಮನುಷ್ಯನ ಬಾಯನ್ನು ಒಮ್ಮೆ ತಿಳಿಯದೆ ಕೆಡಿಸಿದ್ದಾಳೆ, ಈಗ ತಿಳಿದೂ ಹೊಲಿಯಲು ಹೊರಟಿದ್ದಾಳೆ.

ಜಾಲಿಹಾಳರ ಕೋಣೆಗೆ ಹೋಗಿ ನಿಂತೇ ಎಲ್ಲ ಹೇಳಿದಳು. 1.30, 1.14, ನಲವತ್ತು ನಿಮಿಷ, ಬರೆಯದ ದಾಖಲೆ, ಕದ್ದು ಏರಿಸಿದ್ದು, ಮೂವತ್ತೇಳು ವಾಕ್ಯ. ಜಾಲಿಹಾಳ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೇರೆ ಯಾವ ಮನೆಯ ಪೆಟ್ಟಿಗೆಯಲ್ಲಾದರೂ ಹೀಗೆ ಮಾಡಿದ್ದುಂಟೇ ಎಂದು ಕೇಳಿದರು. ಇಲ್ಲ, ಇದೊಂದೇ ಎಂದಳು. ನಂಬಬೇಕೇ ಎಂದರು. ನಂಬಬೇಡಿ, ಹನ್ನೊಂದನ್ನೂ ತೆಗೆದು ನೋಡಿಸಿ ಎಂದಳು. ಅವರು ಫೋನೆತ್ತಿ ಹಾಳೆ ತೆಗೆಯುವ ತಾರೀಖು ರದ್ದು ಮಾಡಿಸಿದರು. ಆಮೇಲೆ, ‘ವಿಚಾರಣಾ ಆಗ್ತದ, ಅದು ಆಮ್ಯಾಲೆ. ಈಗ ನಡಿ ಅವರ ಮನಿಗೆ. ನಾ ಬರ್ತೀನಿ, ಆದ್ರ ಹೇಳಾಕಿ ನೀನ’ ಎಂದರು.

ಈರವ್ವ ಅಕ್ಕಿ ಆರಿಸುತ್ತ ಕೂತಿದ್ದಳು. ಇಬ್ಬರು ಒಟ್ಟಿಗೆ ಬಂದದ್ದು ನೋಡಿ ಮೊರ ಬದಿಗಿಟ್ಟಳು. ಸುಲೋಚನಾ ಕುರ್ಚಿಯನ್ನು ಮಂಚದ ಹತ್ತಿರ, ಕಾಳಪ್ಪನವರ ಕಣ್ಣಿಗೆ ಬೀಳುವ ಕಡೆ ಎಳೆದುಕೊಂಡಳು. ಈರವ್ವನಿಗೆ ಹೇಳಬೇಕೋ ಅವರಿಗೆ ಹೇಳಬೇಕೋ ಎಂದು ದಾರಿಯುದ್ದಕ್ಕೂ ಯೋಚಿಸಿದ್ದಳು. ಅವರಿಗೇ ಹೇಳಿದಳು.

‘ಕಾಕಾ, ನೀವು ಆಡಿದ್ದು ಒಂದು, ಈ ಪೆಟ್ಟಿಗಿ ಆಡಿದ್ದು ಒಂದು. ತಪ್ಪು ಪೆಟ್ಟಿಗೀದಲ್ರಿ, ನಂದು. ಸದ್ದು ಕಡಿಮಿ ಮಾಡಾಕ ಹೋಗಿ ಇದರ ಶಕ್ತಿನ ಇಳಿಸಿದ್ದೆ. ಬಿಸಲಾಗ ಇದು ನಿಮ್ಮ ಮಾತು ತಿರುವಿ ಹೇಳೇತಿ. ನೀವು ಅಕ್ಕಗ ಬಾ ಅಂದಿದ್ರಿ. ನೀ ಬೇಕು ಅಂದಿದ್ರಿ. ನನ್ನ ಹತ್ರ ಅದಾವ, ಎಲ್ಲಾ.’

ಅವರ ಮುಖದಲ್ಲಿ ಏನೂ ಕಾಣುವಂತಿರಲಿಲ್ಲ. ಮಿಡಿತಗಳ ಪರದೆಯ ಮೇಲೆ ಮಾತ್ರ, ಒಂದೂವರೆ ತಿಂಗಳು ಚಪ್ಪಟೆ ಮಲಗಿದ್ದ ಗೆರೆ ಗಕ್ಕನೆ ಎದ್ದು ಬಿತ್ತು. ಮಾತಲ್ಲ ಅದು, ಮಾತಾಗುವ ಮೊದಲಿನ ಏನೋ.

ಈರವ್ವ ಎದ್ದು ಬಂದು ಗಂಡನ ಕಾಲ ಹತ್ತಿರ ಕೂತಳು. ಆಮೇಲೆ ಸುಲೋಚನಾಳ ಕಡೆ ತಿರುಗಿದಳು. ಸಿಟ್ಟಿರಲಿಲ್ಲ ಆ ದನಿಯಲ್ಲಿ, ಲೆಕ್ಕ ಕೇಳುವ ಹಾಗಿತ್ತು.

‘ಆವತ್ತು ಬಂದಾಗ ಗೊತ್ತಿತ್ತೇನ್ರಿ ನಿಮಗ?’

‘ಅನುಮಾನ ಇತ್ತು ಕಾಕು. ಮರುದಿನ ಖಾತ್ರಿ ಆತು.’

‘ಅಲ್ಲಿಂದ ಇವತ್ತಿಗೆ ಎಷ್ಟ ದಿನ ಆತು?’

‘ಎಂಟು.’

‘ಎಂಟು ದಿನ’ ಎಂದಳು ಈರವ್ವ. ‘ಆ ಎಂಟು ದಿನಾನೂ ನಾ ಇವರ ಕೂಡ ಮಾತಾಡಲಿಲ್ಲಲ್ರಿ.’

ಸುಲೋಚನಾ ಕ್ಷಮೆ ಕೇಳಬೇಕೆಂದೇ ಬಂದಿದ್ದಳು. ಈಗ ಬೇಡವೆನಿಸಿತು. ಕೇಳಿದರೆ ಅವರು ಏನಾದರೂ ಉತ್ತರ ಕೊಡಬೇಕಾಗುತ್ತದೆ, ಆ ಭಾರವನ್ನೂ ಅವರ ಮೇಲೆ ಹೊರಿಸಿದ ಹಾಗಾಗುತ್ತದೆ. ಅದರ ಬದಲು ಚೀಲದಿಂದ ಕಾಗದ ತೆಗೆದು, ನೀವು ಹೂಂ ಎಂದರೆ ಒಂದೊಂದನ್ನೇ ಓದುತ್ತೇನೆ, ಬೇಡವೆಂದರೆ ಇಲ್ಲ ಎಂದಳು. ಪೆಟ್ಟಿಗೆ ಏನು ಹೇಳಿದರೂ ಅದನ್ನು ಮಿಡಿತದೊಂದಿಗೆ ಎರಡೆರಡು ಸಲ ತಾಳೆ ನೋಡಲು ಪ್ರಯೋಗಾಲಯದ ಯಂತ್ರವನ್ನೂ ಇದಕ್ಕೆ ಜೋಡಿಸಿದ್ದೇವೆ ಎಂದು ಜಾಲಿಹಾಳ ಸೇರಿಸಿದರು.

ಪೆಟ್ಟಿಗೆ ಮತ್ತೆ ಮೊದಲಿನ ಹಾಗೆ ಗುಯ್‌ಗುಡುತ್ತಿತ್ತು. ಅದರ ನಡುವೆ ದನಿ ಬಂತು, ತಡವರಿಸುತ್ತ.

‘ಓದ್ರಿ.’

ಅವಳು ಮೂವತ್ತೇಳನ್ನೂ ಓದಿದಳು. ಹೆಚ್ಚಿನವು ಸಣ್ಣವು. ಚಹಾ ಬೇಕು ಎಂದದ್ದು ಬ್ಯಾಡ ಆಗಿತ್ತು. ಬೆನ್ನು ನೋಯುತ್ತಿದೆ ಎಂದದ್ದು ನೋಯುತ್ತಿಲ್ಲ ಆಗಿತ್ತು, ಅದು ಬಂದಾಗ ಈರವ್ವ ಅವರ ಪಾದ ಒತ್ತಿ ಹಿಡಿದಳು. ದ್ಯಾಮಕ್ಕನ ಫೋನಿನ ಹೊತ್ತಿನ ಮೂರು ಮಾತುಗಳನ್ನು ಸುಲೋಚನಾ ಒಂದೊಂದಾಗಿ, ಒಂದನ್ನೂ ಬಿಡದೆ ಓದಿದಳು. ಕೊನೆಯದು, ‘ಅದು ನನ್ನ ಮಾತಲ್ಲ.’

‘ಈರೀ’ ಎಂದಿತು ಪೆಟ್ಟಿಗೆ.

ಈರವ್ವ ತಲೆ ಎತ್ತಿದಳು. ಅವರು ಹೆಂಡತಿಯನ್ನು ಹಾಗೆ ಕರೆಯುವುದನ್ನು ಹೊರಗಿನವರು ಕೇಳಿರಲಿಲ್ಲ. ಪೆಟ್ಟಿಗೆ ಮುಂದುವರಿಸಿತು, ‘ಗಂಗಾಧರಗ ಫೋನ್ ಹಚ್ಚು. ನಾನ ಹೇಳ್ತೀನಿ ಅವಂಗ.’

ಈರವ್ವ ಸೆರಗಿನಿಂದ ಮುಖ ಒರೆಸಿಕೊಂಡು ಫೋನು ಹುಡುಕಲು ಎದ್ದಳು. ಪೆಟ್ಟಿಗೆ ಮತ್ತೆ ನುಡಿಯಿತು, ಈ ಸಲ ಸುಲೋಚನಾಗೆ.

‘ಇನ್ನ ಮ್ಯಾಲೆ ಬ್ಯಾರೇದವರನ್ನ ಕಳಸ್ರಿ.’

ಈರವ್ವ ನಿಂತಲ್ಲಿಯೇ ನಿಂತಳು. ಪೆಟ್ಟಿಗೆ ನೋಡಿದಳು, ಜಾಲಿಹಾಳರನ್ನು ನೋಡಿದಳು. ಹೊಸ ಹೆದರಿಕೆಯೊಂದು ಅವಳ ಕಣ್ಣಲ್ಲಿತ್ತು. ‘ಇದು ಅವರ ಮಾತ ಏನ್ರಿ?’ ಎಂದಳು.

ಜಾಲಿಹಾಳ ಪರದೆಯ ಕಡೆ ಬಾಗಿದರು. ಅದಕ್ಕೂ ಮೊದಲೇ ಸುಲೋಚನಾ ನೋಡಿಯಾಗಿತ್ತು. ಎರಡು ಯಂತ್ರದ ಸಾಲೂ ಒಂದೇ ಆಗಿತ್ತು, ಒಂದಕ್ಷರದ ಅನುಮಾನವೂ ಇರಲಿಲ್ಲ.

‘ಹೌದ್ರಿ ಕಾಕು. ಅವರದ ಮಾತು.’

ಅವಳು ಕಾಗದಗಳನ್ನು ಜೋಡಿಸಿ ಈರವ್ವನ ಕೈಗೆ ಕೊಟ್ಟಳು, ಅವು ಅವರವು. ಪೆಟ್ಟಿಗೆಯ ಮುಚ್ಚಳದ ಕೀಲಿಕೈಯನ್ನು ಜಾಲಿಹಾಳರಿಗೆ ಕೊಟ್ಟಳು. ಕಾಳಪ್ಪನವರ ಕಣ್ಣಿಗೆ ಬೀಳುವ ಹಾಗೆ ಒಮ್ಮೆ ನಿಂತು, ‘ಆತ್ರಿ’ ಎಂದಳು.

ಅಂಗಳ ದಾಟುವಾಗ ಒಳಗೆ ಫೋನು ಹತ್ತಿತ್ತು. ಅತ್ತಲಿಂದ ಗಂಗಾಧರ ಯಾರು ಎಂದು ಕೇಳಿದ್ದು, ಇತ್ತಲಿಂದ ನಾ ನಿಮ್ಮ ಮಾಮಾ ಎಂದದ್ದು ಕಿವಿಗೆ ಬಿತ್ತು. ಅವರ ಮನಸ್ಸಿನ ಎಷ್ಟೋ ಮಾತುಗಳನ್ನು ಅವರ ಮನೆಯವರಿಗಿಂತ ಮೊದಲು ಬಾಗಿಲು ಮುಂದೆ ಮಾಡಿಕೊಂಡು ಕೇಳಿದವಳು ಅವಳು. ಇದನ್ನು ಕೇಳುವ ಹಕ್ಕು ತನಗಿಲ್ಲವೆನಿಸಿ, ದನಿ ಕೇಳಿಸದಷ್ಟು ದೂರ ಹೋಗುವವರೆಗೆ ಸುಲೋಚನಾ ಬಿಸಿಲಲ್ಲಿ ದಾಪುಗಾಲು ಹಾಕಿ ನಡೆದಳು.